ಐದನೇ ಕೋಣೆಯ ನಾಲ್ಕು ಡಿಗ್ರಿ

ಕಂಪ್ಯೂಟರಿನ ಪರದೆ ಮತ್ತೆ ಮಂಕಾಯಿತು. ಪೂರ್ತಿ ಕಪ್ಪಾಗಿ ಹೋಗಿದ್ದರೆ ಅವನಿಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ಆದರೆ ಅದು ಹಾಗೆ ಮಾಡುವುದಿಲ್ಲ. ಆರು ಚೌಕಗಳು, ಅವುಗಳೊಳಗೆ ಶೀತಲಗೃಹದ ಆರು ಕೋಣೆಗಳ ಉಷ್ಣಾಂಶ, ಎಲ್ಲವೂ ಇದ್ದಲ್ಲೇ ಇರುತ್ತವೆ. ಮೇಲೊಂದು ತೆಳ್ಳನೆಯ ಬಿಳಿ ಪೊರೆ ಬಂದು ಕೂರುತ್ತದೆ, ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋದವನ ಮುಖದಂತೆ. ಮೇಲಿನ ಪಟ್ಟಿಯಲ್ಲಿ 'ಪ್ರತಿಕ್ರಿಯಿಸುತ್ತಿಲ್ಲ' ಎಂಬ ಮಾತು. ಅದನ್ನು ಓದಿದಾಗಲೆಲ್ಲ ಯಾರೋ ತನ್ನ ಮೇಲೆ ಯಾರಿಗೋ ದೂರು ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಬೆಳಿಗ್ಗೆ ಮನೆಯಲ್ಲಿ ಹೆಂಡತಿ ಎರಡು ಸಲ ಏನೋ ಕೇಳಿದ್ದಳು, ಅವನು ಉತ್ತರ ಕೊಡುವಷ್ಟರಲ್ಲಿ ಅವಳು ಲೋಟ ತೊಳೆಯಲು ಒಳಗೆ ಹೋಗಿಯಾಗಿತ್ತು. ಏನು ಕೇಳಿದಳು ಎಂದು ಈಗ ನೆನಪಿಗೆ ಬರಲಿಲ್ಲ. ಕೇಳಿದ ದನಿ ಮಾತ್ರ ನೆನಪಿತ್ತು, ಉತ್ತರ ಬರುವುದಿಲ್ಲವೆಂದು ಮೊದಲೇ ಗೊತ್ತಿರುವವರು ಕೇಳುವ ದನಿ.

ತಪ್ಪು ಎಲ್ಲಿದೆ ಎಂದು ಅವನಿಗೆ ವಾರದಿಂದ ಗೊತ್ತಿತ್ತು. ಪ್ರೋಗ್ರಾಂ ತನ್ನದೇ. ಅದು ಕೋಣೆ ಕೋಣೆಯ ಸೆನ್ಸರನ್ನೂ ಸರದಿಯ ಮೇಲೆ ಮಾತಾಡಿಸುತ್ತಿತ್ತು: ನಿನ್ನಲ್ಲಿ ಎಷ್ಟು ಚಳಿ, ನಿನ್ನಲ್ಲಿ ಎಷ್ಟು. ಉಳಿದವು ತಕ್ಷಣ ಹೇಳುತ್ತಿದ್ದವು. ಐದನೇ ಕೋಣೆಯದು ಮೊದಮೊದಲು ತಡವರಿಸಿ, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ ಹೇಳಿ, ಈಗ ಪೂರ್ತಿ ಬಾಯಿ ಮುಚ್ಚಿಕೊಂಡಿತ್ತು. ಕೇಳಿದ ಪ್ರೋಗ್ರಾಂ ಅಲ್ಲೇ ಬಾಗಿಲಲ್ಲಿ ಕಾದು ನಿಂತುಬಿಡುತ್ತಿತ್ತು. ಪರದೆಯ ಮೇಲೆ ಬರೆಯಬೇಕಾದದ್ದೂ ಅದೇ ಆದ್ದರಿಂದ ಒಂದು ಕೋಣೆಯ ಮೌನಕ್ಕೆ ಆರೂ ಕೋಣೆಗಳು ಕಲ್ಲಾಗುತ್ತಿದ್ದವು. ಮದ್ದು ಸುಲಭ: ಕೇಳುವ ಕೆಲಸವನ್ನು ಹಿಂದೆ ಬೇರೆ ಎಳೆಗೆ, ಪ್ರೋಗ್ರಾಂ ಒಳಗಿನ ಇನ್ನೊಬ್ಬ ಆಳಿಗೆ, ಒಪ್ಪಿಸಬೇಕು, ಅದು ಎಷ್ಟು ಬೇಕಾದರೂ ಕಾಯಲಿ, ಬಂದ ಸಂಖ್ಯೆಯನ್ನು ನಡುವೆ ಒಂದು ಕಡೆ ಇಟ್ಟು ಹೋಗಲಿ, ಬರೆಯುವ ಎಳೆ ಸೆಕೆಂಡಿಗೊಮ್ಮೆ ಅಲ್ಲಿಂದ ಎತ್ತಿಕೊಳ್ಳಲಿ. ಇಪ್ಪತ್ತೈದರ ಹುಡುಗರು ಊಟದ ಬಿಡುವಿನಲ್ಲಿ ಮಾಡಿ ಮುಗಿಸುವ ಕೆಲಸ. ಅವನಿಗೆ ವಾರ ಹಿಡಿದಿತ್ತು. ಹಿಂದೆ, ಮೊದಲು ಕೆಲಸಕ್ಕಿದ್ದ ಉಪಕರಣ ಕಂಪನಿ ಬಾಗಿಲು ಹಾಕುವ ಮುಂಚೆ, ಇಂಥದ್ದನ್ನು ತಾನೂ ಶಿಳ್ಳೆ ಹಾಕುತ್ತಾ ಮಾಡುತ್ತಿದ್ದೆ ಎಂಬುದು ಬೇರೆ ಯಾರದೋ ಕಥೆಯ ಹಾಗೆ ನೆನಪಾಗುತ್ತಿತ್ತು.

ಇಲ್ಲಿ ಅವನನ್ನು ಎಲ್ಲರೂ ಕರೆಯುವುದು ಭಾವ ಎಂದು. ಔಷಧಗಳನ್ನು ತಣ್ಣಗಿಡುವ ಈ ಶೀತಲಗೃಹ ಹೆಂಡತಿಯ ತಮ್ಮನದು. ಕೆಲಸಕ್ಕೆ ಸೇರಿದ ಮೊದಲ ದಿನ ಭಾವಮೈದ ಹೆಗಲ ಮೇಲೆ ಕೈ ಹಾಕಿ, ಇವರು ನಮ್ಮ ಭಾವ, ಇನ್ನು ಮೇಲೆ ಕಂಪ್ಯೂಟರೆಲ್ಲ ಇವರದೇ ಅಂದಿದ್ದ. ಅಂದಿನಿಂದ ಲೆಕ್ಕದವನಿಗೂ ಭಾವ, ಗೇಟಿನವನಿಗೂ ಭಾವ, ಲಾರಿಯಿಂದ ಪೆಟ್ಟಿಗೆ ಇಳಿಸುವವರಿಗೂ ಭಾವನೋರು. ಅದು ಗೌರವವೋ ಗೇಲಿಯೋ ಏಳು ವರ್ಷವಾದರೂ ಅವನಿಗೆ ತಿಳಿಯಲಿಲ್ಲ. ಲೆಕ್ಕದವನು ಒಮ್ಮೆ ಗೋಡೆಯಾಚೆ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿದ್ದಿತ್ತು, ನಮ್ಮ ಭಾವನ ಮುಖದಲ್ಲಿ ಎಲ್ಲಾ ಇದೆ, ಭಾವ ಒಂದಿಲ್ಲ ಎಂದು. ಅದಕ್ಕೆ ಅವನಿಗೂ ನಗು ಬಂದಿತ್ತು. ನಕ್ಕಿದ್ದು ಗೊತ್ತಾಗಬಾರದೆಂದು ಸ್ವಲ್ಪ ಹೊತ್ತು ಬಚ್ಚಲಲ್ಲಿ ನಿಂತಿದ್ದು ಬಂದಿದ್ದ.

ಹನ್ನೊಂದರ ಸುಮಾರಿಗೆ ಪರದೆಗೆ ಜೀವ ಬಂತು. ಎಲ್ಲೋ ಒಂದು ಸಾಲು ಹಿಂದೆ ಮುಂದೆ ಆಗಿತ್ತು, ಸರಿಪಡಿಸಿ ಓಡಿಸಿದಾಗ ಪೊರೆ ಕಳಚಿತು, ಐದು ಚೌಕಗಳಲ್ಲಿ ಸಂಖ್ಯೆಗಳು ಮೆಲ್ಲಗೆ ಅಲುಗಾಡತೊಡಗಿದವು. ನಾಲ್ಕು ಪಾಯಿಂಟ್ ಎರಡು, ನಾಲ್ಕು ಪಾಯಿಂಟ್ ಮೂರು, ಮತ್ತೆ ಎರಡು. ಐದನೆಯದರಲ್ಲಿ ಒಂದು ಅಡ್ಡಗೆರೆ ಮಾತ್ರ. ಗೆರೆಯ ಬಗ್ಗೆ ಅವನಿಗೆ ಹೆಮ್ಮೆಯೇ ಆಯಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವ, ಹಾಗೆ ಹೇಳಿಯೂ ಉಳಿದವರ ಕೆಲಸ ಕೆಡಿಸದ ಗೆರೆ. ಕುರ್ಚಿಗೆ ಒರಗಿ ಅದನ್ನೇ ನೋಡಿದ. ಬೆನ್ನು ನೋಯುತ್ತಿತ್ತು. ಯಾರನ್ನಾದರೂ ಕರೆದು ತೋರಿಸಬೇಕೆನ್ನಿಸಿತು, ಕರೆಯಲು ಯಾರೂ ಹೊಳೆಯಲಿಲ್ಲ.

ಭಾವಮೈದ ತಾನಾಗಿಯೇ ಬಂದ. ಅವನು ಬರುವ ಮೊದಲು ಅವನ ಸೆಂಟಿನ ವಾಸನೆ ಬರುತ್ತಿತ್ತು, ಆಮೇಲೆ ಗಾಜಿನ ಬಾಗಿಲು ತೆರೆಯುತ್ತಿತ್ತು. ಪರದೆ ನೋಡಿ ಅವನಿಗೆ ನಿಜವಾಗಿಯೂ ಖುಷಿಯಾಯಿತು. ಖುಷಿಯಾದರೆ ಚಿಕ್ಕ ಹುಡುಗನ ಹಾಗೆ ಕಿವಿ ಕೆಂಪಾಗುತ್ತಿತ್ತು ಅವನಿಗೆ. ಅವನು ಕೆಟ್ಟವನಾಗಿದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಏಳು ವರ್ಷದಲ್ಲಿ ಒಂದು ದಿನ ದನಿ ಏರಿಸಿದವನಲ್ಲ, ಇವರ ಸಂಸಾರಕ್ಕೆ ತನ್ನ ಮನೆಯ ಮಹಡಿ ಬಿಟ್ಟುಕೊಟ್ಟದ್ದನ್ನು ಎತ್ತಿ ಆಡಿದವನಲ್ಲ. ಮಾವ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲೂ ಹಾಗೆಯೇ. ಒಂದು ಮಧ್ಯಾಹ್ನ ಅವರ ಬಳಿ ಕೂರುವ ಪಾಳಿ ತನ್ನದಾಗಿತ್ತು. ಮಂಚದ ತಲೆದೆಸೆಯ ಯಂತ್ರದಲ್ಲಿ ಹಸಿರು ಗೆರೆ ಏಳುತ್ತಾ ಬೀಳುತ್ತಾ ಹೋಗುತ್ತಿತ್ತು, ಪಕ್ಕದಲ್ಲಿ ಸಂಖ್ಯೆ ಬದಲಾಗುತ್ತಿತ್ತು, ಎಷ್ಟು ಬೇಗ ಬರೆಯುತ್ತದೆ, ಒಳಗೆ ಯಾವ ಬಗೆಯ ಪ್ರೋಗ್ರಾಂ ಇರಬಹುದು ಎಂದು ಅವನು ಅದನ್ನೇ ನೋಡುತ್ತಾ ಕೂತಿದ್ದ. ಮಾವ ನೀರು ಕೇಳುತ್ತಿದ್ದರಂತೆ. ಭಾವಮೈದ ಒಳಗೆ ಬಂದವನು ಏನೂ ಅನ್ನದೆ ಚಮಚದಲ್ಲಿ ನೀರು ಹಾಕಿದ, ಒದ್ದೆಯಾದ ಗದ್ದವನ್ನು ತನ್ನ ಕರವಸ್ತ್ರದಿಂದ ಒರೆಸಿದ. ಒಂದು ಮಾತು ಬೈದಿದ್ದರೆ ಅದು ಅಲ್ಲಿಗೇ ಮುಗಿದುಹೋಗುತ್ತಿತ್ತು.

ಐದರಲ್ಲಿ ಇದೇನು ಗೆರೆ ಎಂದು ಭಾವಮೈದ ಕೇಳಿದ. ಸೆನ್ಸರ್ ಕೈಕೊಟ್ಟಿದೆ, ಹೊಸದು ನಾಳೆ ಬರುತ್ತದೆ ಎಂದು ಇವನು ಹೇಳಿದ. ಮಧ್ಯಾಹ್ನ ಔಷಧ ಕಂಪನಿಯವರು ನೋಡಲು ಬರುವವರಿದ್ದರು. ಅವರ ಸ್ವಂತ ಉಗ್ರಾಣ ಕೆಟ್ಟು ಕೂತಿತ್ತು, ಇಲ್ಲಿ ಒಪ್ಪಿಗೆಯಾದರೆ ಇವತ್ತೇ ಲಾರಿ ಕಳಿಸಲು ತಯಾರಿದ್ದರು. ಭಾವಮೈದ ಪರದೆಯ ಗಾಜನ್ನು ಉಗುರಿನಿಂದ ಮೆಲ್ಲಗೆ ತಟ್ಟಿದ.

"ಬಾಗಿಲ ಮೇಲಿನ ಮಾಪಕದ ಮುಳ್ಳು ನಾನೇ ನೋಡ್ಕೊಂಡು ಬಂದೆ ಭಾವ. ನಾಲ್ಕಿದೆ. ನಾಲ್ಕು ಅಂತ ಹಾಕಿಬಿಡಿ, ಇವತ್ತೊಂದಿನ. ಸುಳ್ಳೇನಲ್ಲವಲ್ಲ."

ಸುಳ್ಳಲ್ಲ. ಅವನು ತಲೆಯಾಡಿಸಿದ. ಭಾವಮೈದ ಹೋದ ಮೇಲೆ ಐದನೇ ಚೌಕದಲ್ಲಿ ನಾಲ್ಕನ್ನು ಕೂರಿಸಿದ. ಕೂರಿಸಿದ್ದೇ ತಡ, ಅದು ಹೆಣದ ಹಾಗೆ ಕಾಣಿಸಿತು. ಸುತ್ತಲಿನ ಐದು ಸಂಖ್ಯೆಗಳು ಉಸಿರಾಡುತ್ತಿದ್ದವು, ಇದೊಂದು ಬಿಟ್ಟ ಕಣ್ಣು ಬಿಟ್ಟಂತೆ ನಿಂತಿತ್ತು. ಯಾವ ದಡ್ಡನಿಗೂ ಗೊತ್ತಾಗುತ್ತದೆ. ನಾಲ್ಕರ ಆಸುಪಾಸಿನಲ್ಲಿ ಏನೋ ಒಂದು ಬರಲಿ ಎಂದು ಎರಡು ಸಾಲು ಸೇರಿಸಿದ. ಈಗ ಅದು ಕುಣಿಯತೊಡಗಿತು, ಮೂರು ಪಾಯಿಂಟ್ ಎಂಟರಿಂದ ನಾಲ್ಕು ಪಾಯಿಂಟ್ ಮೂರಕ್ಕೆ ಒಂದೇ ಸಲ ಹಾರಿ. ನಿಜವಾದ ಕೋಣೆ ಹಾಗೆ ಹಾರುವುದಿಲ್ಲ. ಕಂಪ್ರೆಸರ್ ನಿಂತಾಗ ನಿಧಾನ ಏರುತ್ತದೆ, ಶುರುವಾದಾಗ ಸ್ವಲ್ಪ ಬೇಗ ಇಳಿಯುತ್ತದೆ, ಇಳಿದು ಒಂದು ಗಳಿಗೆ ತಡೆಯುತ್ತದೆ. ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಬೆನ್ನು ನೋವು ಮರೆತುಹೋಯಿತು. ಏರುವಾಗ ಇಷ್ಟು, ಇಳಿಯುವಾಗ ಇಷ್ಟು, ನಡುನಡುವೆ ಯಾರೋ ಬಾಗಿಲು ತೆರೆದಂತೆ ಒಂದು ಸಣ್ಣ ಏರುಪೇರು. ತನ್ನ ಬೆರಳುಗಳು ಶಿಳ್ಳೆ ಹಾಕುತ್ತಿದ್ದ ಕಾಲದ ವೇಗದಲ್ಲಿ ಓಡುತ್ತಿರುವುದು ಅವನ ಗಮನಕ್ಕೆ ಬಂತು. ಕೆಲಸ ಹೋಗಿದ್ದ ಆ ಎರಡು ವರ್ಷವೂ ನೆನಪಾಯಿತು. ದಿನಾ ಇಸ್ತ್ರಿ ಶರ್ಟು ಹಾಕಿ ಹೊರಟು ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಬರುತ್ತಿದ್ದ. ಯಾರಿಗೂ ಅನುಮಾನ ಬಾರದಿರಲಿ ಎಂದು ಒಂದು ದಿನ ಬೇಗ, ಒಂದು ದಿನ ತಡವಾಗಿ, ಒಂದು ದಿನ ಬಸ್ಸು ತಪ್ಪಿತೆಂದು ಗೊಣಗುತ್ತಾ ಮನೆ ಸೇರುತ್ತಿದ್ದ. ಒಂದೇ ಹೊತ್ತಿಗೆ ಬರುವವನನ್ನು ಯಾರೂ ನಂಬುವುದಿಲ್ಲ ಎಂದು ಆಗಲೇ ಅವನಿಗೆ ಹೊಳೆದಿತ್ತು.

ಮುಗಿಸಿ ಕೈ ಕೊಡವುತ್ತಿರುವಾಗ ಗಾಜಿನಾಚೆ ಕರಡಿಯಕ್ಕ ನಿಂತಿದ್ದಳು. ಕೋಣೆಗಳನ್ನು ನೋಡಿಕೊಳ್ಳುವವಳು ಅವಳು. ಬೇಸಗೆಯಲ್ಲೂ ಮೊಣಕಾಲಿನವರೆಗೆ ಇಳಿಯುವ ದಪ್ಪ ಕಪ್ಪು ಕೋಟು ಹಾಕಿಕೊಂಡೇ ಓಡಾಡುತ್ತಿದ್ದುದರಿಂದ ಆ ಹೆಸರು, ಅದಕ್ಕೆ ಅವಳೂ ನಗುತ್ತಿದ್ದಳು. ಮೊದಲು ಪ್ರತಿ ಕೋಣೆಯ ಬಾಗಿಲಿಗೂ ಹೋಗಿ ಮುಳ್ಳು ನೋಡಿ ಬರುವುದು ಅವಳ ಕೆಲಸವಾಗಿತ್ತು, ಜೊತೆಗೆ ಇನ್ನೊಬ್ಬಳಿದ್ದಳು. ಈ ಪರದೆ ಬಂದ ಮೇಲೆ ಇನ್ನೊಬ್ಬಳನ್ನು ಕೆಲಸದಿಂದ ಬಿಡಿಸಿ, ಇವಳಿಗೆ ಪೆಟ್ಟಿಗೆ ಜೋಡಿಸುವ ಕೆಲಸವನ್ನೂ ಹಚ್ಚಿದ್ದರು. ಕೋಣೆಗಳನ್ನು ಅವಳು ಈ ಗಾಜಿನ ಮುಂದೆ ನಿಂತೇ ನೋಡಿ ಹೋಗುತ್ತಿದ್ದಳು. ಕಾಲು ನೋವು ಕಮ್ಮಿಯಾಯ್ತು ನಿಮ್ಮಿಂದ ಎಂದು ಒಮ್ಮೆ ಅವನಿಗೆ ಹೇಳಿದ್ದಳು. ಈಗ ಬಾಗಿಲು ಸ್ವಲ್ಪವೇ ತೆರೆದು ತಲೆ ಹಾಕಿದಳು.

"ಐದು ಬಂತಾ ಭಾವನೋರೇ? ಬೆಳಿಗ್ಗೆ ಗೆರೆ ಇತ್ತಲ್ಲ, ಹೋಗಿ ನೋಡ್ಬೇಕು ಅನ್ಕೊಂಡಿದ್ದೆ. ಸರಿ ಇದೆಯಾ?"

ಅವನು ಪರದೆಯ ಕಡೆ ನೋಡಿದ. ನಾಲ್ಕು ಪಾಯಿಂಟ್ ಒಂದು. ನೋಡುತ್ತಿದ್ದಂತೆ ಎಷ್ಟು ಚೆನ್ನಾಗಿ ನಾಲ್ಕಕ್ಕೆ ಇಳಿಯಿತು.

"ಸರಿ ಇದೆ," ಅಂದ.

ಅವಳು ಹೋದಳು. ಕರೆದು ಹೇಳಬಹುದಿತ್ತು. ಅವಳು ಕೋಟಿನ ಜೇಬುಗಳಲ್ಲಿ ಕೈ ತೂರಿಕೊಂಡು ಒಂದು ಕಾಲಿನ ಮೇಲೆ ಭಾರ ಹಾಕಿ ಓಣಿಯುದ್ದಕ್ಕೂ ನಡೆದು ತಿರುವಿನಲ್ಲಿ ಮರೆಯಾಗುವವರೆಗೂ ಕರೆಯಬಹುದಿತ್ತು. ನಾಲಿಗೆ ಹೊರಳಲಿಲ್ಲ ಎಂದರೆ ಅದೂ ಸುಳ್ಳೇ. ಕರೆಯಬೇಕೆನ್ನುವುದು ಹೊಳೆದದ್ದೇ ಅವಳು ಮರೆಯಾದ ಮೇಲೆ. ಆಮೇಲೆ ಎದ್ದು ಹೋಗುವುದಕ್ಕೆ ಆಯಾಸ ಅಡ್ಡ ಬಂತು.

ಔಷಧ ಕಂಪನಿಯಿಂದ ಇಬ್ಬರು ಬಂದರು. ನೆಗಡಿಯಾಗಿದ್ದ ವಯಸ್ಸಾದ ಅಧಿಕಾರಿ, ಜೊತೆಗೆ ಮಾತು ಕಮ್ಮಿಯ ಒಬ್ಬ ಹೆಂಗಸು. ಅಧಿಕಾರಿ ಮೂಗು ಒರೆಸಿಕೊಳ್ಳುತ್ತಾ ಪರದೆಯ ಮುಂದೆ ಬಹಳ ಹೊತ್ತು ನಿಂತರು. ಇಂಥ ಮನುಷ್ಯನಿಗೆ ಮೋಸ ಮಾಡಲು ಬರುವುದಿಲ್ಲ, ಕಣ್ಣು ನೋಡಿದರೇ ಗೊತ್ತಾಗುತ್ತದೆ, ಇನ್ನೊಂದು ನಿಮಿಷಕ್ಕೆ ತಿರುಗಿ ಕೇಳುತ್ತಾರೆ ಎಂದು ಅವನು ಅಂದುಕೊಂಡ. ಅವರು ತಿರುಗಿದರು. ಭಾವಮೈದನಿಗೆ ಹೇಳಿದ್ದು, ಎರಡನೇ ಕೋಣೆ ಸ್ವಲ್ಪ ಒದ್ದಾಡುತ್ತದೆ, ಮೂರು ಪರವಾಗಿಲ್ಲ, ಆದರೆ ಐದನೆಯದು ನೋಡಿ, ಎಷ್ಟು ಸಮಾಧಾನವಾಗಿ ನಡೆಯುತ್ತಿದೆ, ಹೀಗಿರಬೇಕು ಕೋಣೆ ಅಂದರೆ. ನಮ್ಮ ಸರಕಿಗೆ ಐದನೆಯದನ್ನೇ ಕೊಡಿ.

ಅವನ ಎದೆಯೊಳಗೆ ಮೊದಲು ಹಾದುಹೋದದ್ದು ಭಯವಲ್ಲ. ಅದನ್ನು ಆಮೇಲೆ ಎಷ್ಟೋ ಸಲ ತಿರುವಿ ಹಾಕಿ ನೋಡಿಕೊಂಡ. ಮೊದಲು ಹಾದುಹೋದದ್ದು, ಮೆಚ್ಚಿದರಲ್ಲ ಎಂಬ ಒಂದು ಬೆಚ್ಚಗಿನ ಪುಳಕ. ಭಯ ಬಂದದ್ದು ಆಮೇಲೆ. ಭಾವಮೈದನ ಮುಖ ನೋಡಿದ. ಅಲ್ಲಿ ಏನೂ ಇರಲಿಲ್ಲ. ಬೆಳಿಗ್ಗೆಯ ಮಾತು ಅವನಿಗೆ ಮರೆತೇಹೋಗಿತ್ತು. ಧಾರಾಳವಾಗಿ ಎಂದು ಅವನು ನಗುತ್ತಾ ಅತಿಥಿಗಳನ್ನು ತನ್ನ ಕೋಣೆಗೆ ಚಹಾಕ್ಕೆ ಕರೆದುಕೊಂಡು ಹೋದ. ಲಾರಿಗೆ ಹೊರಡಲು ಹೇಳುವ ಫೋನಿನ ಮಾತು ಓಣಿಯಲ್ಲೇ ಶುರುವಾಯಿತು. ಅಧಿಕಾರಿ ನಡುನಡುವೆ ಸೀನುತ್ತಾ ಹೇಳುತ್ತಿದ್ದರು, ಮಕ್ಕಳ ಲಸಿಕೆ, ಹುಷಾರಾಗಿ ತುಂಬಿ ಎಂದು.

ಅವನು ಕರಡಿಯಕ್ಕನನ್ನು ಹುಡುಕಿಕೊಂಡು ಹೋದ. ಓಡಬೇಕೆನ್ನಿಸಿದರೂ ಓಡಲಿಲ್ಲ, ಓಡಿದರೆ ಜನ ನೋಡುತ್ತಾರೆ. ಅವಳು ಸರಕು ಇಳಿಸುವ ಕಟ್ಟೆಯ ಹತ್ತಿರ ಪೆಟ್ಟಿಗೆಗಳ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. ಐದರ ಮುಳ್ಳು ಒಂದು ಸಲ ನೋಡೋಣ ಬನ್ನಿ ಅಂದ. ಯಾಕೆ, ಸರಿ ಇದೆ ಅಂದ್ರಲ್ಲ ಎಂದು ಅವಳು ಕೇಳುವಷ್ಟರಲ್ಲಿ ಅವನು ಮುಂದೆ ನಡೆದಿದ್ದ. ಐದನೇ ಕೋಣೆ ಓಣಿಯ ಕೊನೆಗಿತ್ತು, ಉಪಯೋಗ ಕಮ್ಮಿ. ಒಬ್ಬ ಚಿಲ್ಲರೆ ವ್ಯಾಪಾರಿಯ ಕಣ್ಣಿನ ಹನಿಗಳ ಕೆಲವು ಪೆಟ್ಟಿಗೆಗಳು ಮಾತ್ರ ಅಲ್ಲಿದ್ದವು. ಬಾಗಿಲ ಮೇಲೆ ತಟ್ಟೆಯಗಲದ ದುಂಡು ಮಾಪಕ. ಮುಳ್ಳು ನಾಲ್ಕರ ಮೇಲಿತ್ತು. ಅವನಿಗೆ ಅಳು ಬರುವಷ್ಟು ಸಮಾಧಾನವಾಯಿತು. ಕರಡಿಯಕ್ಕ ಬಗ್ಗಿ ನೋಡಿದಳು, ಬೆರಳ ಗೆಣ್ಣಿನಿಂದ ಗಾಜಿಗೆ ಒಂದು ಮೊಟಕಿದಳು, ಇನ್ನೊಂದು ಮೊಟಕಿದಳು. ಮುಳ್ಳು ಅಲುಗಲಿಲ್ಲ. ಹಳೆಯ ಗೋಡೆ ಗಡಿಯಾರದ ಮುಳ್ಳಿನಂತೆ ಅದು ಅಲ್ಲೇ ಅಂಟಿಕೊಂಡಿತ್ತು. ಇದು ಯಾವಾಗ ನಿಂತಿತೋ ಎಂದು ಅವಳು ತನಗೇ ಹೇಳಿಕೊಂಡಳು.

ಒಳಗೆ ಹೋದರು. ಮೈಗೆ ಚಳಿಯೇ ಅನ್ನಿಸಿತು. ಹೊರಗಿನ ಸೆಕೆಯಿಂದ ಹೋದವರಿಗೆ ಯಾವ ಕೋಣೆಯಾದರೂ ಚಳಿಯೇ. ಆದರೆ ಸದ್ದಿರಲಿಲ್ಲ. ಉಳಿದ ಕೋಣೆಗಳಲ್ಲಿ ಮಾತು ಕೇಳಿಸದಷ್ಟು ಗಾಳಿ ಬೀಸುತ್ತಿತ್ತು, ಇಲ್ಲಿ ತಮ್ಮ ಉಸಿರು ಕೇಳುತ್ತಿತ್ತು. ಮೇಲೆ ಫ್ಯಾನಿನ ಜಾಗದಲ್ಲಿ ಒಂದು ದೊಡ್ಡ ಹಿಮದ ಗೆಡ್ಡೆ ಬೆಳೆದು, ಪಂಖವನ್ನೂ ಸರಳುಗಳನ್ನೂ ಪಕ್ಕದಿಂದ ಇಳಿದ ಸೆನ್ಸರಿನ ತಂತಿಯನ್ನೂ ಒಟ್ಟಿಗೆ ನುಂಗಿಕೊಂಡಿತ್ತು. ತಂತಿ ಅದರ ಭಾರಕ್ಕೆ ಜಗ್ಗಿ ಕಿತ್ತುಬಂದಿತ್ತು. ಅಂದರೆ ವಾರದಿಂದ ಐದನೇ ಕೋಣೆ ಮಾತಾಡದೆ ಇದ್ದದ್ದಲ್ಲ. ಅದರ ತಡವರಿಕೆ, ಅದರ ಮೌನ, ಅದೇ ಅದು ಹೇಳುತ್ತಿದ್ದ ಮಾತು. ಅವನು ಆ ಬಾಯಿಗೆ ಬೇರೆ ಮಾತು ತುರುಕಿದ್ದ. ಕರಡಿಯಕ್ಕ ಎರಡನೇ ಕೋಣೆಯ ಹೊರಗೆ ತೂಗುತ್ತಿದ್ದ ಕೈಮಾಪಕವನ್ನು ತಂದು ಪೆಟ್ಟಿಗೆಗಳ ನಡುವೆ ತೂಗುಬಿಟ್ಟಳು. ಇಬ್ಬರೂ ಕಾದರು. ಅವಳ ಬಾಯಿಂದ ಸಣ್ಣಗೆ ಹಬೆ ಬರುತ್ತಿತ್ತು. ಸಂಖ್ಯೆ ಹದಿನಾರಕ್ಕೆ ಇಳಿಯಿತು, ಹನ್ನೆರಡಕ್ಕೆ, ಹತ್ತಕ್ಕೆ. ಒಂಬತ್ತಕ್ಕೆ ಬಂದು ನಿಂತಿತು. ಎಂಟು ದಾಟಿದರೆ ಔಷಧ ಕೆಡುತ್ತದೆ. ಇಳಿ, ಇನ್ನೂ ಸ್ವಲ್ಪ ಇಳಿ ಎಂದು ಅವನು ಒಳಗೊಳಗೇ ಅಂಗಲಾಚಿದ. ಇಳಿಯಲಿಲ್ಲ. ನಿಜವಾದ ಸಂಖ್ಯೆಗೆ ಎಷ್ಟು ಹಟ.

"ಪರದೆ ಮೇಲೆ ನಾಲ್ಕಿತ್ತಲ್ಲ," ಅಂದಳು ಅವಳು. ಆರೋಪವಿರಲಿಲ್ಲ. ತನ್ನ ಕಣ್ಣಿಗೇ ಏನೋ ಆಗಿರಬೇಕು ಎಂಬಂತೆ ಅಂದಳು.

ಅವನು ಭಾವಮೈದನನ್ನು ಓಣಿಗೆ ಕರೆದು ಹೇಳಿದ. ಒಂಬತ್ತು ಡಿಗ್ರಿ, ಫ್ಯಾನು ಹಿಮ ಕಟ್ಟಿದೆ, ಮುಳ್ಳು ಅಂಟಿಕೊಂಡಿದೆ, ಲಾರಿ ಬರಬಾರದು. ಭಾವಮೈದ ಬಣ್ಣಗೆಡಲಿಲ್ಲ. ಫೋನಿನ ಗಾಜನ್ನು ತೋಳಿಗೆ ಉಜ್ಜಿ ಒರೆಸಿದ, ಅಷ್ಟೇ ಹೊತ್ತು ಯೋಚಿಸಿದ. ಆಮೇಲೆ ಇವನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಅತಿಥಿಗಳ ಮುಂದೆ ನಿಲ್ಲಿಸಿದ. ನೋಡಿ ಸಾರ್, ಐದನೇ ಕೋಣೆಯಲ್ಲಿ ಈಗ ತಾನೇ ಒಂದು ತೊಂದರೆ ಕಾಣಿಸಿಕೊಂಡಿದೆ, ನಿಮ್ಮಿಂದ ಮುಚ್ಚಿಡುವುದಿಲ್ಲ, ನಮ್ಮ ಭಾವ ಕಂಡುಹಿಡಿದರು, ಇವರ ಕಣ್ಣು ತಪ್ಪಿಸಿ ಇಲ್ಲಿ ಏನೂ ಆಗುವ ಹಾಗಿಲ್ಲ, ನಿಮ್ಮ ಸರಕು ಮೂರನೇ ಕೋಣೆಗೆ ಹೋಗಲಿ ಎಂದ. ವಯಸ್ಸಾದ ಅಧಿಕಾರಿ ಎದ್ದು ನಿಂತರು. ಕರವಸ್ತ್ರವನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಚಾಚಿದರು. ಇಷ್ಟು ವರ್ಷದಲ್ಲಿ ತಾವಾಗಿ ಹೇಳಿದವರನ್ನು ನಾನು ಕಂಡಿಲ್ಲ ಎಂದರು. ಅವರ ಅಂಗೈ ಒದ್ದೆಯಾಗಿ ಬಿಸಿಯಾಗಿತ್ತು. ಅವನು ಕೈ ಕೊಟ್ಟ. ಮಾತು ಕಮ್ಮಿಯ ಹೆಂಗಸು ಮಾತ್ರ ಅವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು ಅನ್ನಿಸಿತು. ಅಥವಾ ಹಾಗೆ ನೋಡಲಿ ಎಂದು ಅವನಿಗೇ ಆಸೆಯಾಗಿತ್ತೋ ಏನೋ.

ಅವರ ಕಾರು ಗೇಟು ದಾಟಿದ ಮೇಲೆ ಭಾವಮೈದ ಅವನ ಗಾಜಿನ ಕೋಣೆಗೆ ಬಂದು ಕುರ್ಚಿ ಎಳೆದು ಎದುರಿಗೆ ಕೂತ. ಪರದೆಯಲ್ಲಿ ಐದನೇ ಕೋಣೆ ಇನ್ನೂ ನಾಲ್ಕರ ಸುತ್ತ ಏರಿಳಿಯುತ್ತಿತ್ತು.

"ನಾನು ನಾಲ್ಕು ಹಾಕಿ ಅಂದೆ. ಇದು ಓಡಾಡ್ತಿದೆಯಲ್ಲ ಭಾವ."

ಹೌದು, ಸುಮ್ಮನೆ ನಿಂತಿದ್ದರೆ ಗೊತ್ತಾಗುತ್ತಿತ್ತು ಎಂದು ಅವನು ಹೇಳಿದ. ಭಾವಮೈದ ಅದನ್ನೇ ನೋಡುತ್ತಾ ಕೂತ. ಅವನ ಮುಖದಲ್ಲಿ ಇಷ್ಟು ವರ್ಷ ಕಾಣದ ಒಂದು ಬಗೆಯ ನೋಟವಿತ್ತು, ಮನೆಯ ಸಾಧು ನಾಯಿ ಯಾರನ್ನೋ ಕಚ್ಚಿತಂತೆ ಎಂದು ಕೇಳಿದವರ ನೋಟ: ಸ್ವಲ್ಪ ಎಚ್ಚರ, ಸ್ವಲ್ಪ ಮೆಚ್ಚುಗೆ. ನಿಮಗೆ ಇಷ್ಟು ಚೆನ್ನಾಗಿ ಬರುತ್ತೆ ಅಂತ ಗೊತ್ತಿರಲಿಲ್ಲ ಎಂದ. ಅಳಿಸಬೇಡಿ, ಇಟ್ಟಿರಿ, ಯಾವತ್ತಾದರೂ ಬೇಕಾಗುತ್ತೆ ಎಂದೂ ಹೇಳಿದ. ಆಮೇಲೆ ದನಿ ಬದಲಿಸಿ, ಕಣ್ಣಿನ ಹನಿಯ ವ್ಯಾಪಾರಿಗೆ ಏನಾದರೂ ಹೇಳಬೇಕಲ್ಲ, ಅವನ ಪೆಟ್ಟಿಗೆಗಳನ್ನು ಎಸೆಯಲೇಬೇಕು, ಮುಳ್ಳು ನಿಂತಿದ್ದನ್ನು ನೋಡಬೇಕಾದವಳು ಅವಳು, ಕರಡಿಯಕ್ಕನನ್ನು ಬಿಡಿಸಿದೆವು ಎಂದರೆ ಅವನೂ ಸುಮ್ಮನಾಗುತ್ತಾನೆ ಎಂದ. ಅವಳ ಕಾಲೂ ಆಗೋದಿಲ್ಲ ಪಾಪ ಎಂದು ಸೇರಿಸಿದ. ಪಾಪ ಎಂದದ್ದು ನಾಟಕವಾಗಿರಲಿಲ್ಲ.

ಅವನು ಸುಸ್ತಾಗಿದ್ದ. ಎದ್ದು ಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರೆ ಸಾಕೆನ್ನಿಸಿತ್ತು. ತಲೆಯಾಡಿಸಿದರೆ ಇದೂ ಮುಗಿಯುತ್ತದೆ, ಭಾವಮೈದ ಎದ್ದು ಹೋಗುತ್ತಾನೆ, ಸೆಂಟಿನ ವಾಸನೆ ಸ್ವಲ್ಪ ಹೊತ್ತು ಇರುತ್ತದೆ. ತಲೆ ಆಡಿಸುವುದಕ್ಕೆ ಕತ್ತು ಬಗ್ಗಿತ್ತು ಕೂಡ. ಆದರೆ ಮಾತು ಹೊರಗೆ ಬಂದುಬಿಟ್ಟಿತು, ಧೈರ್ಯದಿಂದಲ್ಲ, ಹೊತ್ತುಕೊಂಡು ನಿಲ್ಲಲಾರದೆ ಕೈ ಜಾರಿದ ಹಾಗೆ.

"ಅವಳು ಬಂದು ಕೇಳಿದ್ಲು. ಹೋಗಿ ನೋಡ್ಬೇಕು ಅಂತಿದ್ಲು. ಸರಿ ಇದೆ ಅಂತ ನಾನೇ ಹೇಳಿ ಕಳಿಸಿದೆ. ವ್ಯಾಪಾರಿಗೆ ನನ್ನ ಹೆಸರು ಹೇಳು."

ಹೇಳಿ, ಕೀಲಿಮಣೆ ಎಳೆದುಕೊಂಡು, ಬೆಳಿಗ್ಗೆ ಬರೆದದ್ದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅಳಿಸಿದ. ಅಳಿಸುವಾಗ ಅದು ಎಷ್ಟು ಚೆನ್ನಾಗಿತ್ತು ಎಂದು ಇನ್ನೊಮ್ಮೆ ಕಂಡಿತು. ಭಾವಮೈದ ತಡೆಯಲಿಲ್ಲ. ಕಿವಿ ಕೆಂಪಾಗಿತ್ತು ಅವನಿಗೆ. ಅದು ಖುಷಿಗಲ್ಲದೆ ಬೇರೆಯದಕ್ಕೂ ಆಗುತ್ತದೆಂದು ಇವನಿಗೆ ಗೊತ್ತಿರಲಿಲ್ಲ.

"ಇದನ್ನ ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಾನೇ ಇರಲಿಲ್ಲ," ಎಂದ ಭಾವಮೈದ. ಮೊದಲ ಸಲ ಅವನ ದನಿಯಲ್ಲಿ ನೋವಿತ್ತು. "ಈಗ ಗೊತ್ತಾಗಿಬಿಡ್ತು. ಅವಳು ಇರ್ತಾಳೆ ಬಿಡಿ. ನೀವೇನು ಮಾಡ್ತೀರಿ? ಯೋಚನೆ ಮಾಡಿ. ನಮ್ಮ ಅಕ್ಕನಿಗೆ ಮಾತ್ರ ನೀವೇ ಹೇಳಿ, ನನ್ನ ಕೈಲಿ ಆಗಲ್ಲ."

ಮನೆ ಮುಟ್ಟುವಾಗ ಬೀದಿದೀಪಗಳು ಆಗಷ್ಟೇ ಹತ್ತಿಕೊಳ್ಳುತ್ತಿದ್ದವು. ಹೊರಗಿನ ಮೆಟ್ಟಿಲು ಹತ್ತಿ ಹೋದಾಗ ಹೆಂಡತಿ ಮಂಚದ ಮೇಲೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದ, ಕೂತರೆ ಹೇಳಲು ಆಗುವುದಿಲ್ಲವೇನೋ ಎಂದು. ಗೆರೆ, ನಾಲ್ಕು, ಏರಿಳಿತ, ಕರಡಿಯಕ್ಕ, ಒಂಬತ್ತು, ಅಧಿಕಾರಿಯ ಕೈ. ಏರಿಳಿತ ಮಾಡಲು ನಿನ್ನ ತಮ್ಮ ಹೇಳಿರಲಿಲ್ಲ, ಅದು ನನ್ನದೇ ಎಂಬುದನ್ನೂ ಬಿಡದೆ ಹೇಳಿದ. ಅವಳು ಕೇಳುತ್ತಾ ಮಡಿಸುತ್ತಲೇ ಇದ್ದಳು. ಅವನ ಒಂದು ಶರ್ಟಿನ ಕಾಲರಿನ ಒಳಗೆ ಬೆರಳಾಡಿಸಿ, ಸವೆದದ್ದನ್ನು ನೋಡಿ, ಅದನ್ನು ಬೇರೆಯಿಟ್ಟಳು. ಅವಳ ಮುಖದಿಂದ ಏನೂ ತಿಳಿಯಲಿಲ್ಲ. ಅವಳ ಮುಖ ನೋಡಿ ತಿಳಿಯುವುದನ್ನು ತಾನು ಯಾವಾಗಲೋ ಬಿಟ್ಟಿದ್ದೆ ಎಂದು ಮಾತ್ರ ತಿಳಿಯಿತು.

"ಆ ಹೆಂಗಸಿನ ಕೆಲಸ ಉಳೀತಾ?" ಎಂದು ಕೇಳಿದಳು.

"ಉಳೀತು."

"ನಿಮ್ಮದು?"

"ಗೊತ್ತಿಲ್ಲ. ಅವನ ಮುಖ ನೋಡ್ಕೊಂಡು ನಾಳೆ ಅಲ್ಲಿ ಕೂರೋಕೆ ನಂಗೇ ಆಗುತ್ತೋ ಇಲ್ವೋ."

ಅವಳು ಅಳುತ್ತಾಳೆ ಎಂದುಕೊಂಡ, ಇಲ್ಲವೇ ಕೆಳಗಿಳಿದು ತಮ್ಮನ ಹತ್ತಿರ ಮಾತಾಡಿ ಬರುತ್ತಾಳೆ ಎಂದುಕೊಂಡ. ಇಷ್ಟು ವರ್ಷ ಅವಳಿಗೆ ಇಲ್ಲಿ ಸುಖವಾಗಿದೆ, ತವರಿನ ನೆರಳು, ತಮ್ಮನ ಮನೆ, ನನ್ನೊಬ್ಬನಿಗೇ ಇಲ್ಲಿ ಉಸಿರು ಕಟ್ಟುವುದು ಎಂದು ಅವನು ನಂಬಿದ್ದ. ಅವಳಿಗೋಸ್ಕರ ಸಹಿಸುತ್ತಿದ್ದೇನೆ ಎಂಬುದೇ ಅವನಿಗಿದ್ದ ಒಂದು ಆಸರೆಯಾಗಿತ್ತು. ಅವಳು ಕೊನೆಯ ಟವೆಲನ್ನು ಮಡಿಸಿ ರಾಶಿಯ ಮೇಲಿಟ್ಟು, ಅಂಗೈಯಿಂದ ಒಮ್ಮೆ ಒತ್ತಿದಳು.

"ಹಾಗಾದ್ರೆ ಎಲ್ಲಾದ್ರೂ ಮನೆ ನೋಡಿ," ಎಂದಳು. "ಎರಡೇ ಕೋಣೆ ಇದ್ರೂ ಪರವಾಗಿಲ್ಲ. ಈ ಮನೆಗೆ ಬಂದ ಮೇಲೆ ನಾನು ಒಂದು ದಿನಾನೂ ಗಟ್ಟಿಯಾಗಿ ಅತ್ತಿಲ್ಲ, ಗೊತ್ತಾ ನಿಮಗೆ?"

ಕೆಳಗೆ ಕಾರು ಬಂದು ನಿಂತ ಸದ್ದಾಯಿತು. ಬಾಗಿಲು ಹಾಕಿದ್ದು, ಭಾವಮೈದ ಚಪ್ಪಲಿ ಬಿಟ್ಟದ್ದು, ಕೆಳಗಿನ ನಡುಮನೆಯ ದೀಪದ ಸ್ವಿಚ್ಚು, ಎಲ್ಲವೂ ಒಂದೊಂದಾಗಿ ತೆಳ್ಳನೆಯ ನೆಲದ ಮೂಲಕ ಮೇಲೆ ಕೇಳಿಸಿತು. ಮೇಲಿನ ಮಾತೂ ಹಾಗೆಯೇ ಕೆಳಗೆ ಕೇಳಿಸುತ್ತಿರಬೇಕು. ಅಭ್ಯಾಸ ಬಲದಿಂದ ಅವನು ತುಟಿಯ ಮೇಲೆ ಬೆರಳಿಟ್ಟ. ಅವಳು ಆ ಬೆರಳನ್ನು ನೋಡಿದಳು.

"ಗೊತ್ತಾ ಅಂತ ಕೇಳ್ದೆ," ಎಂದಳು, ಅಷ್ಟೇ ಜೋರಾಗಿ.

"ಗೊತ್ತಿರಲಿಲ್ಲ," ಎಂದ ಅವನು.